ಅಮ್ಮನ ಕಾವಲಿ ಕಡಲು ದಾಟಿದ್ದು

ಅಮ್ಮ ತೀರಿಕೊಂಡ ಮೇಲೆ ದೇವರಾಯಸಮುದ್ರದ ಮನೆಯಿಂದ ನಾನು ಕೇಳಿ ತಂದದ್ದು ಒಂದೇ ವಸ್ತು, ದೋಸೆ ಕಾವಲಿ. ಮನೆ, ಹೊಲ ಎಲ್ಲವನ್ನೂ ತಮ್ಮನಿಗೆ ಬಿಟ್ಟು ರುಜು ಹಾಕಿ ಎದ್ದಾಗ ಅವನು, "ನಿಂಗೇನ್ ಬೇಕಕ್ಕ?" ಅಂದ. ಹೇಳಿದೆ. "ಅಯ್ಯೋ, ಆ ಕಬ್ಬಿಣದ ತುಂಡಾ?" ಎಂದು ನಕ್ಕು, ತಾನೇ ಗೋಣಿಚೀಲದಲ್ಲಿ ಸುತ್ತಿ ಮುಳಬಾಗಿಲಿನ ಬಸ್ಸಿಗೆ ಹತ್ತಿಸಿದ.

ಅದು ಅಮ್ಮನಿಗೆ ಅವಳ ಅತ್ತೆಯಿಂದ ಬಂದದ್ದು. ನಡುವೆ ತುಸು ತಗ್ಗು, ಮೈಯೆಲ್ಲ ಕಾಡಿಗೆಯ ಹಾಗೆ ಕಪ್ಪು. ಅದಕ್ಕೆ ಸೋಪು ಮುಟ್ಟಿಸುವಂತಿಲ್ಲ, ಅದರ ಮೇಲೆ ಚಪಾತಿ ಸುಡುವಂತಿಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಬೇಕು, ಕೆಲಸ ಮುಗಿದ ಮೇಲೆ ಬಟ್ಟೆಯಿಂದ ಒರೆಸಿಡಬೇಕು. ಹಾಗೆ ಪಳಗಿದ ಕಾವಲಿಯಿಂದ ದೋಸೆ ತಾನಾಗಿ ಎದ್ದು ಬರುತ್ತದೆ. ಮೊದಲ ದೋಸೆ ಪಕ್ಕದ ಮನೆಯ ಹಸುವಿಗೆ. ಅದೂ ಅಮ್ಮನದೇ ಪದ್ಧತಿ. ಶನಿವಾರ ಆಂಜನೇಯನ ಗುಡಿಗೆ ಹೋಗಿ ಬಂದು ಒಲೆಯ ಮೇಲೆ ಅದನ್ನಿಟ್ಟರೆ, ಅಮ್ಮ ಬೆನ್ನ ಹಿಂದೆಯೇ ನಿಂತಿದ್ದಾಳೆ ಅನ್ನಿಸುತ್ತಿತ್ತು.

ತಮ್ಮ ಈಗ ಕೋಲಾರದಲ್ಲಿ ದೊಡ್ಡ ಅಧಿಕಾರಿ. ಹೋದ ವರ್ಷ ಒಂದು ಬೆಳಿಗ್ಗೆ ಸಂಭ್ರಮದಿಂದ ಬಂದ. ಯುರೋಪಿನ ಯಾವುದೋ ಊರಿಗೆ ಸರ್ಕಾರದ ಕಡೆಯಿಂದ ಹೊರಟಿದ್ದ. ಶ್ರೀನಿವಾಸಪುರದ ಮಾವಿನ ತಿರುಳನ್ನು ಅಲ್ಲಿ ಮಾರುವ ಮಾತುಕತೆಯಂತೆ, ಆ ಊರನ್ನೂ ನಮ್ಮೂರನ್ನೂ ಅಕ್ಕತಂಗಿಯರ ಹಾಗೆ ಜೋಡಿಸುವ ಒಪ್ಪಂದವಂತೆ.

"ಅಲ್ಲೊಂದು ಮಳಿಗೆ ಹಾಕ್ತೀವಕ್ಕ. ಅಡುಗೆಯವ್ರೂ ಬರ್ತಾರೆ. ಮುಳಬಾಗಿಲು ದೋಸೆ ಬಿಸಿಬಿಸಿ ಹಾಕ್ಕೊಡ್ಬೇಕು. ಹೊಸ ಕಾವಲಿ ತಗೊಂಡೋದ್ರೆ ಅಂಟ್ಕೊಂಡು ಮಾನ ಹೋಗುತ್ತೆ. ಅಮ್ಮಂದು ಕೊಡು."

"ವಾಪಸ್ ತರ್ತೀಯೇನೋ?"

"ಏನಕ್ಕ ಹಂಗಂತೀಯ! ಆಂಜನೇಯನಾಣೆ ತಂದ್ಕೊಡ್ತೀನಿ."

ದೇವರ ಹೆಸರೆತ್ತಿದ ಮೇಲೆ ಇನ್ನೇನು. ಕುಂಕುಮವಿಟ್ಟು, ಅಮ್ಮನ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಕೊಟ್ಟೆ. ತೊಳೆಯಬೇಡಿ, ತೊಳೆಯಬೇಡಿ ಎಂದು ಕಾರು ಹೊರಡುವವರೆಗೂ ಹೇಳಿದೆ.

ಮರಳಿ ಬಂದವನ ಕೈಯಲ್ಲಿ ಒಂದು ಚಾಕೊಲೇಟ್ ಡಬ್ಬಿಯಿತ್ತು, ಮಡಿಸಿದ ಆ ಸೀರೆಯಿತ್ತು. ಕಾವಲಿ ಕಾರಿನಲ್ಲಿರಬಹುದು ಅಂದುಕೊಂಡೆ. ಅವನು ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದ. ಕೋಟು ತೊಟ್ಟ ತಮ್ಮ, ಪಕ್ಕದಲ್ಲಿ ಆ ಊರಿನ ನಗರಸಭೆಯ ಅಧ್ಯಕ್ಷೆ, ಆಕೆಯ ಕೈಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ಅಮ್ಮನ ಕಾವಲಿ.

"ಅಲ್ಲೇ ಕೊಟ್ಬಿಟ್ಟೆ ಕಣಕ್ಕ. ಅಷ್ಟು ಇಷ್ಟಪಟ್ರು. ಅವ್ರ ಆಫೀಸಲ್ಲಿ ಗಾಜಿನ ಪೆಟ್ಟಿಗೇಲಿಡ್ತಾರಂತೆ. ನೀನು ಹೆಮ್ಮೆ ಪಡ್ಬೇಕು."

ನನ್ನ ಕಣ್ಣು ಬೇರೆ ಕಡೆಯಿತ್ತು. ಕಾವಲಿ ಬೆಳ್ಳಗೆ ಹೊಳೆಯುತ್ತಿತ್ತು. "ತಿಕ್ಕಿದ್ರೇನೋ ಅದನ್ನ?"

"ಮತ್ತೆ? ಕರ್ರಗಿರೋದ್ನ ಹಂಗೇ ಕೊಡಕ್ಕಾಗುತ್ತಾ? ನಾನೇ ಹೇಳಿ ತಿಕ್ಕಿಸ್ದೆ."

ಅಮ್ಮನ ಕೈ ಅಲ್ಲಿಗೆ ತೊಳೆದು ಹೋಗಿತ್ತು. ಆದರೂ ಅವನಿಗೆ ಕಾಫಿ ಕೊಟ್ಟೆ. ಅವನು ಹೋದ ಮೇಲೆ ನಮ್ಮ ಯಜಮಾನರು, "ಪೋನಿ, ಹೋಗ್ಲಿ ಬಿಡೇ, ನಿಮ್ಮಮ್ಮ ಫಾರಿನ್ನಿಗೆ ಹೋಗಿದಾಳೆ ಅನ್ಕೋ" ಎಂದು ನಗಿಸಿದರು. ನಗಿಸುವವರೊಬ್ಬರು ಮನೆಯಲ್ಲಿದ್ದಾರಲ್ಲ, ಅದೂ ದೇವರು ಕೊಟ್ಟದ್ದೇ. ಹುಡುಗಬುದ್ಧಿ, ಉತ್ಸಾಹದಲ್ಲಿ ಕೊಟ್ಟುಬಿಟ್ಟಿದ್ದಾನೆ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಆ ಸಮಾಧಾನ ಉಳಿದದ್ದು ಮಗಳು ಆ ಸಮಾರಂಭದ ವಿಡಿಯೊ ತೋರಿಸುವವರೆಗೆ. ತಮ್ಮ ಕಾವಲಿಯನ್ನು ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಅರ್ಥ ಹೇಳುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಸುಮ್ಮನಾದಳು.

"ಏನಂತಾನೆ ಹೇಳೇ."

"ಬೇಡ ಬಿಡಮ್ಮ."

"ಹೇಳು ಅಂದ್ನಲ್ಲ."

"ಅಜ್ಜಿ ಸಾಯೋ ಮುಂಚೆ ಇದನ್ನ ಮಾಮನ ಕೈಗಿಟ್ಟು, ಜೋಪಾನ ಮಾಡಪ್ಪ ಅಂದ್ರಂತೆ."

ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ಕಣ್ಣೊರೆಸಿಕೊಂಡ. ಅಮ್ಮನ ಕಡೆಯ ದಿನಗಳಲ್ಲಿ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವಳು ನಾನು. ಅವನು ಮೀಟಿಂಗು ಮುಗಿಸಿ ಬರುವಷ್ಟರಲ್ಲಿ ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿ ತಲೆಯ ಹತ್ತಿರ ದೀಪವಿಟ್ಟಾಗಿತ್ತು. ಕಾವಲಿ ಕೊಟ್ಟುಬಿಟ್ಟದ್ದನ್ನು ನುಂಗಿಕೊಂಡಿದ್ದೆ. ನನ್ನನ್ನೇ ಅಳಿಸಿಹಾಕಿದ್ದನ್ನು ಹೇಗೆ ನುಂಗಲಿ?

ಗೌರಿ ಹಬ್ಬದ ಮುಂಚೆ ತವರಿನ ಸೀರೆ ತರುವುದನ್ನು ಅವನು ತಪ್ಪಿಸಿದ್ದಿಲ್ಲ. ಈ ಸಲವೂ ಬಂದ. ಯಾವಾಗಲೂ ಅವನು ಬರುವ ಬೆಳಿಗ್ಗೆ ನಮ್ಮಲ್ಲಿ ದೋಸೆ. ತಟ್ಟೆಯಲ್ಲಿ ಉಪ್ಪಿಟ್ಟು ನೋಡಿ, "ದೋಸೆ ಇಲ್ವೇನಕ್ಕ?" ಅಂದ.

"ಕಾವಲಿ ಗಾಜಿನ ಪೆಟ್ಟಿಗೇಲಿದೆಯಲ್ಲಪ್ಪ."

ತಲೆ ತಗ್ಗಿಸಿ ಉಪ್ಪಿಟ್ಟು ಕಲೆಸಿದ. ಇನ್ನು ತಡೆದರೆ ಆಗದು ಎಂದು ಕೇಳಿಯೇಬಿಟ್ಟೆ. "ಕೊಟ್ಟಿದ್ದು ಹೋಗ್ಲಿ ಕಣೋ. ಇದು ನಮ್ಮಕ್ಕಂದು ಅಂತ ಒಂದ್ ಮಾತು ಹೇಳಿದ್ರೆ ನಿಂಗೇನ್ ಹೋಗ್ತಿತ್ತು?"

"ಭಾಷಣ ಅಕ್ಕ ಅದು. ಅಮ್ಮ ಕೊಟ್ಟಿದ್ದು ಅಂದ್ರೆ ಅವ್ರಿಗೆ ಮನಸ್ಸಿಗೆ ತಟ್ಟುತ್ತೆ. ಅಕ್ಕನ ಹತ್ರ ಕೇಳಿ ತಂದೆ ಅಂತ ಅಲ್ಲಿ ಹೇಳಕ್ಕಾಗುತ್ತಾ?"

ಅವನ ಮುಖದಲ್ಲಿ ತಪ್ಪು ಮಾಡಿದ ಕಳೆಯೇ ಇರಲಿಲ್ಲ. ಎರಡು ಊರುಗಳನ್ನು ಅಕ್ಕತಂಗಿ ಮಾಡಿ ಬಂದವನು ಇವನೇನಾ ಅನ್ನಿಸಿತು. ಅವನು ಕಾವಲಿಯನ್ನು ಮರಳಿ ತರಿಸುತ್ತೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಸೀರೆ ತೆಗೆದುಕೊಂಡೆ. ಅಮ್ಮನಿಗೆ ಇಷ್ಟವಾದ ಗಿಳಿಹಸಿರು. ಅದನ್ನು ನೆನಪಿಟ್ಟು ತಂದಿದ್ದಾನಲ್ಲ ಎಂದು ದೇವರಿಗೆ ಕೈಮುಗಿದೆ.

ಹೊಸ ಕಾವಲಿ ತಂದಿದ್ದೇನೆ. ದಿನವೂ ಈರುಳ್ಳಿ ಉಜ್ಜುತ್ತೇನೆ, ಇನ್ನೂ ಪಳಗಿಲ್ಲ. ಮೊದಲ ದೋಸೆ ಹರಿದೇ ಬರುತ್ತದೆ. ಹಸು ಹರಿದದ್ದು, ದುಂಡಗಿನದು ಎಂದು ನೋಡುವುದಿಲ್ಲ, ತಲೆಯಾಡಿಸಿಕೊಂಡು ತಿನ್ನುತ್ತದೆ. ಸಂಜೆ ದೀಪ ಹಚ್ಚಿ ಎಲ್ಲರ ಒಳಿತಿಗೆ ಬೇಡಿಕೊಳ್ಳುವಾಗ ಎಲ್ಲರಿಗಿಂತ ಮೊದಲು ತಮ್ಮನ ಹೆಸರು ಬಾಯಿಗೆ ಬರುತ್ತಿತ್ತು. ಈಗಲೂ ಬಿಟ್ಟಿಲ್ಲ. ಎಲ್ಲರದೂ ಆದ ಮೇಲೆ, ಆ ಹಸುವಿನದೂ ಆದ ಮೇಲೆ, ಅವನದು.