ಟೇಬಲ್ ಅಕ್ಕ ಎಳೆದ ಕೆರೆಯ ಗೆರೆ

ಹೋದ ಭಾನುವಾರ ತಲೆಗೆ ಬಣ್ಣ ಹಚ್ಚಿಕೊಳ್ಳೋಣವೆಂದು ಬಚ್ಚಲುಮನೆಯ ಕನ್ನಡಿ ಮುಂದೆ ನಿಂತೆ. ಯಾವಾಗಲೂ ತರುವ ಡಬ್ಬಿ ಅಂಗಡಿಯಲ್ಲಿ ಸಿಗದೆ ಬೇರೆ ಯಾವುದೋ ಅಗ್ಗದ್ದು ತಂದಿದ್ದೆ. ಮುಚ್ಚಳ ತೆಗೆದದ್ದೇ ತಡ, ಮೂಗಿಗೆ ಗುದ್ದಿದ ಹಾಗಾಯಿತು. ಅಮೋನಿಯಾ! ಕಣ್ಣಲ್ಲಿ ನೀರು ಬಂತು. ಆ ನೀರೆಲ್ಲ ಬಣ್ಣದ ಡಬ್ಬಿಯದ್ದೇ ಅಂತ ಹೇಳಲಾರೆ... ಇಪ್ಪತ್ತು ವರ್ಷದ ಹಿಂದೆ ಹಾಸನದ ನಮ್ಮ ಆಫೀಸಿನ ಪಕ್ಕದ ಕೋಣೆಯಲ್ಲಿ ನಕ್ಷೆಗಳ ನಕಲು ತೆಗೆಯುವ ಯಂತ್ರವೊಂದಿತ್ತು. ಅದರಿಂದ ದಿನವಿಡೀ ಬರುತ್ತಿದ್ದದ್ದು ಇದೇ ವಾಸನೆ. ಆ ವಾಸನೆಯ ಜೊತೆಗೇ ನನಗೆ ಟೇಬಲ್ ಅಕ್ಕ ನೆನಪಾಗುತ್ತಾಳೆ.

ಅವಳ ಹೆಸರು ಬೇರೆ ಇತ್ತು. ಊಟದ ಮೇಜಿನಷ್ಟು ದೊಡ್ಡದಾದ, ನಾವೆಲ್ಲ ಟೇಬಲ್ ಅನ್ನುತ್ತಿದ್ದ ಒಂದು ಹಲಗೆಯ ಮುಂದೆ ಅವಳು ಕೂರುತ್ತಿದ್ದಳು. ಅದರ ಮೇಲೆ ಹಳೆಯ ನಕ್ಷೆಯನ್ನು ಅಂಟಿಸಿ, ಸೋಪಿನ ಡಬ್ಬಿಯಂಥ ಒಂದು ಸಾಧನವನ್ನು ಗೆರೆಗಳ ಮೇಲೆ ಸರಿಸುತ್ತ ಗುಂಡಿ ಒತ್ತಿದರೆ, ಕಾಗದದ ಗೆರೆ ಕಂಪ್ಯೂಟರಿನೊಳಗೆ ಮೂಡುತ್ತಿತ್ತು. ಜಿಲ್ಲೆಯ ಕೆರೆಗಳ ಗಡಿಯನ್ನೆಲ್ಲ ಹೀಗೆ ಕಂಪ್ಯೂಟರಿಗೆ ಇಳಿಸುವ ಗುತ್ತಿಗೆ ನಮ್ಮ ಖಾಸಗಿ ಆಫೀಸಿನದ್ದು. ಆ ಹಲಗೆಯ ಮೇಲೆ ಅವಳ ಕೈ ಓಡುವಷ್ಟು ನೇರವಾಗಿ ಬೇರೆ ಯಾರ ಕೈಯೂ ಓಡುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಅವಳು ಟೇಬಲ್ ಅಕ್ಕ. ಭೂಗೋಳದಲ್ಲಿ ಎಂ.ಎ. ಮಾಡಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು.

ನಾನು ರಾಮನಾಥಪುರದ ಪುರೋಹಿತರ ಮನೆಯ ಹುಡುಗಿ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ನನ್ನಂಥ ಬುದ್ಧಿವಂತೆ ಹಾಸನ ಜಿಲ್ಲೆಯಲ್ಲೇ ಇಲ್ಲವೆಂದು ತಿಳಿದಿದ್ದ ಕಾಲ ಅದು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಉಪಗ್ರಹಗಳು ಆಕಾಶದಲ್ಲಿ ಸರಿಯಾಗಿಯೇ ಸುತ್ತುತ್ತಿದ್ದವು, ಕರೆಂಟು ಮಾತ್ರ ಹಾಸನದಲ್ಲಿರುತ್ತಿರಲಿಲ್ಲ. ನಕ್ಷೆ ಅಚ್ಚು ಹಾಕುವ ಇಂಕು ಮುಗಿದರೆ ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ಮೂಲ ನಕ್ಷೆಗಳೋ ಬಟ್ಟೆಗೆ ಅಂಟಿಸಿದ ಅಜ್ಜನ ಕಾಲದ ಹಾಳೆಗಳು. ಮಲ್ಲಿಪಟ್ಟಣದ ಕಡೆಯ ಒಂದೂರಿನ ಅರ್ಧಕ್ಕರ್ಧ ಇಲಿಯ ಹೊಟ್ಟೆ ಸೇರಿತ್ತು. ಆ ಊರನ್ನು ಏನು ಮಾಡುವುದೆಂದು ಕೇಳಿದರೆ ನಮ್ಮ ಸಾಹೇಬರು, ಅಂದರೆ ಆಫೀಸಿನ ಯಜಮಾನರು, ಮೊದಲು ಟೀ ತರಿಸಿ ಅನ್ನುತ್ತಿದ್ದರು.

ಹಳೆಯ ಹಾಳೆಯನ್ನು ಭೂಮಿಯ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವುದೇ ದೊಡ್ಡ ಕಷ್ಟ. ಮೂರು ಊರುಗಳ ಗಡಿ ಸೇರುವ ಕಡೆ ಹಿಂದಿನವರು ಕಲ್ಲು ನೆಟ್ಟಿರುತ್ತಾರೆ. ನಕ್ಷೆಯಲ್ಲಿ ಅದರ ಗುರುತು ಇರುತ್ತದೆ. ನಮ್ಮ ತಂಡದವರು ಊರಿಗೆ ಹೋಗಿ, ಆ ಕಲ್ಲಿನ ಪಕ್ಕ ಜಿಪಿಎಸ್ ಹಿಡಿದು ಅದು ಇರುವ ಜಾಗ ಬರೆದುಕೊಂಡು ಬರುತ್ತಿದ್ದರು. ಆ ಕಲ್ಲನ್ನೇ ನಂಬಿ ಇಡೀ ಊರಿನ ಹಾಳೆಯನ್ನು ಕೂರಿಸುತ್ತಿದ್ದೆವು, ಮೊಳೆಗೆ ಕ್ಯಾಲೆಂಡರ್ ತೂಗುಹಾಕಿದ ಹಾಗೆ. ನಾಲ್ಕಾರು ಕಲ್ಲು ಹುಡುಕಬೇಕೆಂದು ಪುಸ್ತಕದಲ್ಲಿತ್ತು. ಗುತ್ತಿಗೆಯ ಗಡುವು ಹತ್ತಿರ ಬಂದಿದ್ದರಿಂದ ಊರಿಗೊಂದೇ ಕಲ್ಲು ಸಾಕು ಅಂದಿದ್ದರು ಸಾಹೇಬರು. ಕೆರೆಯ ಗಡಿಯೊಳಗೆ ಮನೆ ಕಂಡರೆ ಆ ಮನೆಗೆ ನೋಟಿಸು ಹೋಗುತ್ತದೆಂದು ನಮಗೆಲ್ಲ ಗೊತ್ತಿತ್ತು. ತಂಡದವರು ಜಿಪಿಎಸ್ ಹಿಡಿದು ಗುರುತಿಸಿ ತಂದ ಮನೆಗಳು ಪರದೆಯ ಮೇಲೆ ಚುಕ್ಕೆಗಳಾಗುತ್ತಿದ್ದವು. ಆ ಚುಕ್ಕೆಗಳಿಗೆ ಬಾಗಿಲು, ಕಿಟಕಿ, ಒಲೆ ಇರುತ್ತದೆಂದು ನಮಗೆ ಅನ್ನಿಸುತ್ತಿರಲಿಲ್ಲ.

ಅವತ್ತು ಅಕ್ಕ ಹಳ್ಳಿಮೈಸೂರು ದಾಟಿ ಒಳಗಿರುವ ಒಂದೂರಿನ ಕೆರೆಯನ್ನು ಇಳಿಸಿ ಮುಗಿಸಿದ್ದಳು. ಅದರ ಮೇಲೆ ಮನೆಗಳ ಚುಕ್ಕೆಗಳನ್ನು ತರಿಸಿದಳು. ನಾನು ಪಕ್ಕದಲ್ಲೇ ಏನೋ ಹರಟುತ್ತಿದ್ದೆ. ಅವಳು ಹೂಂಗುಟ್ಟುವುದನ್ನು ನಿಲ್ಲಿಸಿದ್ದು ಗೊತ್ತಾಗಿ ತಿರುಗಿದರೆ, ಪರದೆಯನ್ನೇ ನೋಡುತ್ತ ಕೂತಿದ್ದಳು. ಕೆರೆಯ ನೀಲಿಯ ಪಡುವಣ ಅಂಚಿನೊಳಗೆ ಸಾಲು ಚುಕ್ಕೆಗಳು.

"ಇದು ನಮ್ಮೂರು ಕಣೆ" ಅಂದಳು. "ಕೇರಿ ಪೂರ್ತಿ ನೀರೊಳಗೆ ಬಂದ್ಬುಟ್ಟದೆ. ನಮ್ಮವ್ವನ ಮನೇನೂ..."

ಆಫೀಸಿನಲ್ಲಿ ಎಂದೂ ಊರ ಮಾತು ಆಡದವಳು. ನನಗೆ ಹೆದರಿಕೆಯಾಯಿತು. ಎದ್ದುಹೋಗಿ, ಆ ಊರಿಗೆ ಹೋಗಿದ್ದ ತಂಡದವನನ್ನು ಕರೆದುಕೊಂಡು ಬಂದಳು. ಕಲ್ಲು ಎಲ್ಲಿ ಸಿಕ್ಕಿತೆಂದು ಕೇಳಿದಳು. "ಕಾಲುವೆ ಏರಿ ಮೇಲೆ ಅಕ್ಕ, ಬೇವಿನ ಮರದ ಕೆಳಗೆ. ಊರೋರೇ ತೋರ್ಸುದ್ರು. ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡವ್ರೆ" ಅಂದ ಅವನು.

 ಆ ಕಲ್ಲು ಮೊದಲು ಅಲ್ಲಿರಲಿಲ್ಲ ಅಂದಳು ಅಕ್ಕ. ಅವಳು ಹೈಸ್ಕೂಲಿನಲ್ಲಿದ್ದಾಗ ಕಾಲುವೆ ತೋಡುವವರಿಗೆ ಅದು ಅಡ್ಡ ಬಂದಿತ್ತು. ಊರವರು ಅದನ್ನು ಎತ್ತಿ ಪಡುವಲಿಗೆ ತಂದು, ಏರಿಯ ಮೇಲೆ ಕೂರಿಸಿದ್ದರು. ಮೊಳೆ ಜರುಗಿದ್ದರಿಂದ ಕ್ಯಾಲೆಂಡರೂ ಜರುಗಿ, ಕೆರೆ ಬಂದು ಕೇರಿಯ ಮೇಲೆ ಕೂತಿತ್ತು.

ಇದನ್ನು ಅವಳು ಸಾಹೇಬರಿಗೆ ಹೇಳಿದಾಗ ನಾನೂ ಇದ್ದೆ. ಅವರು ಕೆಟ್ಟವರಲ್ಲ, ಗುತ್ತಿಗೆ ಕೈತಪ್ಪೀತೆಂದು ಸದಾ ಪುಕಪುಕ ಅನ್ನುತ್ತಿದ್ದ ಮನುಷ್ಯ ಅಷ್ಟೆ. ಎಲ್ಲ ಕೇಳಿಸಿಕೊಂಡು, "ಇದು ನಿಮ್ಮೂರೇನಮ್ಮ?" ಅಂದರು.

"ಹೌದು ಸಾರ್."

"ನಿಮ್ಮ ಮನೆಯೂ ಇದರೊಳಗಿದೆಯಾ?"

"ಇದೆ ಸಾರ್."

"ಹಾಗಿದ್ರೆ ಈ ಹಾಳೆ ನೀವು ಮುಟ್ಟಬೇಡಿ."

ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ಗುಸುಗುಸು ಶುರುವಾಯಿತು. ತನ್ನವರ ಮನೆ ಉಳಿಸಲು ಕಲ್ಲಿನ ಕತೆ ಕಟ್ಟಿದ್ದಾಳೆ, ಆ ಜನವೇ ಹಾಗೆ ಅಂತ ಒಬ್ಬ ಮೆಲ್ಲಗೆ ಅಂದದ್ದು ಅವಳಿಗೂ ಕೇಳಿಸಿತು. ಯಾವ ಜನ ಎಂದು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿದಳು. ಬೇರೆ ಯಾರದೋ ಊರಾಗಿದ್ದರೆ ಅವಳ ಮಾತನ್ನು ಕಣ್ಣುಮುಚ್ಚಿ ಒಪ್ಪುತ್ತಿದ್ದರು. ತನ್ನದೇ ಊರಾದ್ದರಿಂದ ಅವಳು ಹೇಳುವ ನಿಜಕ್ಕೆ ಮೂರು ಕಾಸಿನ ಬೆಲೆಯಿಲ್ಲದಂತಾಯಿತು. 

ನಕ್ಷೆ ಒಪ್ಪಿಸಲು ಎರಡೇ ದಿನ ಉಳಿದಿತ್ತು. ಅವಳು ಮತ್ತೆ ಸಾಹೇಬರ ಮುಂದೆ ಹೋಗಿ ನಿಂತಳು. "ನನ್ನ ಮಾತು ನಂಬಬೇಡಿ ಸಾರ್. ಆ ಊರಿನ ಮೂಡಲ ಗಡಿಯಲ್ಲಿ, ತೆಂಕಲ ಗಡಿಯಲ್ಲಿ ಬೇರೆ ಕಲ್ಲುಗಳಿವೆ. ಅವನ್ನ ಅಳೆದು ನೋಡಿ. ನಾನು ಹೇಳಿದ್ದು ಸುಳ್ಳಾದರೆ ನಾಳೆಯಿಂದ ಬರಲ್ಲ." ಬೇಕಿದ್ದರೆ ನೀವೇ ಬಂದು ತೋರಿಸಿ ಅಂದರು ಅವರು. "ನಾನು ಬಂದರೆ ನಾನೇ ಹೇಳಿಕೊಟ್ಟೆ ಅಂತಾರೆ. ಇವಳನ್ನ ಕರ್ಕೊಂಡು ಹೋಗಿ" ಎಂದು ನನ್ನ ಕಡೆ ಕೈ ತೋರಿಸಿದಳು.

ಕೆರೆ ಅಳೆಯುವವರು ಬಂದರೆ ಮನೆಗಳು ಹೋಗುತ್ತವೆಂಬ ಸುದ್ದಿ ಊರೂರಿಗೆ ಹಬ್ಬಿತ್ತು. ಮಾರನೇ ಬೆಳಿಗ್ಗೆ ಜೀಪಿನ ಸದ್ದಿಗೇ ಜನ ಸೇರಿದ್ದರು. ನಮ್ಮ ಕೈಯ ಜಿಪಿಎಸ್ ನೋಡಿಯೇ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಬೇವಿನ ಮರದ ಕೆಳಗೆ ಒಬ್ಬ ಹಿರಿಯರು ದಾರಿಗೆ ಅಡ್ಡ ನಿಂತರು.

"ಯಾಕ್ ಸಾ ಮತ್ ಬಂದ್ರಿ? ಮನೆ ಕೀಳಕ್ಕಾ?"

ಸಾಹೇಬರು ಕಲ್ಲಿನ ವಿಷಯ ಕೇಳಿದರು. "ಕಾಲ್ವೆ ತೋಡೋವಾಗ ಅಡ್ಡ ಬಂತು. ಅಮ್ಮನ್ನ ಮಣ್ಣಲ್ಲಿ ಮುಚ್ಚಕ್ಕಾಯ್ತದಾ ಸಾ? ಮೂರೂರೋರೂ ಸೇರಿ ತಮಟೆ ಹೊಡ್ಸಿ, ಇಲ್ಲಿಗ್ ತಂದು ಕೂರ್ಸುದೋ."

"ಮತ್ತೆ ನಮ್ಮ ಹುಡುಗರಿಗೆ ಇದನ್ನ ಯಾಕ್ರೀ ಹೇಳಲಿಲ್ಲ?"

"ಅವ್ರು ಕೇಳಿದ್ದು ಮೂರೂರ್ ಕಲ್ಲು ಎಲ್ಲದೆ ಅಂತ. ಇಲ್ಲದೆ ಅಂದೋ. ಮುಂಚೆ ಎಲ್ಲಿತ್ತು ಅಂತ ಕೇಳ್ನೇ ಇಲ್ವಲ್ಲ!"

ಅವರ ಪಾಲಿಗೆ ಕಲ್ಲೇ ಗಡಿಯಮ್ಮ. ಅಮ್ಮ ಎಲ್ಲಿ ಕೂತರೂ ಅಮ್ಮನೇ. ಉಪಗ್ರಹಕ್ಕೆ ಇದು ಹೇಗೆ ಗೊತ್ತಾಗಬೇಕು? ಆದರೆ ಸಾಹೇಬರು ಇನ್ನೂ ಒಪ್ಪಲಿಲ್ಲ. ಊರವರು ಊರವರ ಪರವಾಗಿಯೇ ಮಾತಾಡುತ್ತಾರಲ್ಲ ಎಂದು ಜೀಪಿನಲ್ಲಿ ನನ್ನ ಕಿವಿಯಲ್ಲಿ ಹೇಳಿದರು.

ಉಳಿದ ಎರಡು ಕಲ್ಲುಗಳಿಗಾಗಿ ಬಿಸಿಲಿನಲ್ಲಿ ಅಲೆದೆವು. ಒಂದು ಹೊಗೆಸೊಪ್ಪಿನ ಹೊಲದ ಬದುವಿನಲ್ಲಿ ಸಿಕ್ಕಿತು. ಇನ್ನೊಂದು ಕತ್ತಾಳೆ ಬೇಲಿಯೊಳಗೆ ಕುತ್ತಿಗೆವರೆಗೆ ಹೂತುಹೋಗಿತ್ತು. ಎರಡಕ್ಕೂ ಯಾರೂ ಕುಂಕುಮ ಇಟ್ಟಿರಲಿಲ್ಲ, ಯಾರೂ ಎತ್ತಿರಲೂ ಇಲ್ಲ. ಪಕ್ಕದ ಮರಗಳ ಮರೆಗೆ ಜಿಪಿಎಸ್ಸಿಗೆ ಉಪಗ್ರಹ ಸಿಗುವುದು ತಡವಾದಾಗ, ಸುತ್ತ ನಿಂತ ಜನ ಆ ಪುಟ್ಟ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಅಕ್ಕನ ಕೆಲಸ, ಮಾನ ಎರಡೂ ಅದರಲ್ಲಿತ್ತು.

ಹಿಂದಿರುಗುವ ಮುಂಚೆ ಅಕ್ಕನ ತಾಯಿ ನನ್ನನ್ನು ಕರೆದು ಕೂರಿಸಿದರು. ನೀರಿನ ಕಡೆಗೆ ಕೇರಿಯ ಕೊನೆಯ ಮನೆ ಅವರದ್ದು. ಗಂಡ ತೀರಿಕೊಂಡ ಮೇಲೆ ಮೈದುನರಿಂದ ಬೇರೆ ಬಂದು, ಕೊನೆಗೆ ಉಳಿದಿದ್ದ ತುಂಡು ಜಾಗದಲ್ಲಿ ಕೂಲಿ ಮಾಡಿ ಕಟ್ಟಿದ ಹೆಂಚಿನ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಮಗಳ ಕಾನ್ವೊಕೇಶನ್ ಫೋಟೊ. "ನನ್ ಮಗ್ಳು ಯಾಕವ್ವ ಬರ್ನಿಲ್ಲ?" ಅಂದರು. ಕೆಲಸ ಇತ್ತು ಅಂದೆ. ಅವರು ಕೊಟ್ಟ ಟೀ ಕುಡಿದೆ. ರಾಮನಾಥಪುರದ ನಮ್ಮಜ್ಜಿಗೆ ಆ ಸುದ್ದಿ ಮುಟ್ಟಲಿಲ್ಲ ಅನ್ನಿ.

ಸಂಜೆ ಹಾಸನದಲ್ಲಿ ಎಲ್ಲರೂ ನನ್ನ ಕಂಪ್ಯೂಟರಿನ ಸುತ್ತ ನಿಂತರು. ಅಕ್ಕ ಮಾತ್ರ ತನ್ನ ಹಲಗೆಯ ಮುಂದೆಯೇ ಕೂತಿದ್ದಳು. ಹೊಸ ಕಲ್ಲುಗಳ ಅಳತೆ ಕೊಟ್ಟು ಹಾಳೆಯನ್ನು ಮತ್ತೆ ಕೂರಿಸಿದೆ. ಕೆರೆ ಮೂಡಲಿಗೆ ಸರಿಯಿತು. ಚುಕ್ಕೆಗಳೆಲ್ಲ ನೀಲಿಯಿಂದ ಆಚೆ ಬಂದವು. ನಾನು ಕೂಗಿಯೇಬಿಟ್ಟೆ. ಗುಸುಗುಸು ಅಂದಿದ್ದವನು ಮೆಲ್ಲಗೆ ಟೀ ಕುಡಿಯಲು ಹೊರಟ.

ಆಮೇಲೆ ಕಂಡಿತು... ಒಂದು ಚುಕ್ಕೆ ಹೊರಗೆ ಬಂದಿರಲಿಲ್ಲ. ನೀರಿನ ಕಡೆಯ ಕೊನೆಯ ಚುಕ್ಕೆ. ಗೆರೆಯಿಂದ ಸ್ವಲ್ಪವೇ ಒಳಗೆ.

ಸಾಹೇಬರಿಗೆ ನಿಜಕ್ಕೂ ಸಂಕಟವಾಯಿತು. ಅಕ್ಕನ ಹತ್ತಿರ ಬಂದು ಮೆತ್ತಗೆ ಹೇಳಿದರು. "ನೋಡಮ್ಮ, ಹಳೇ ಹಾಳೆಯಲ್ಲಿ ಗೆರೆಯ ದಪ್ಪವೇ ನೆಲದ ಮೇಲೆ ಒಂದು ಕೋಣೆಯಷ್ಟಾಗುತ್ತೆ. ಗೆರೆಯ ನೀರಿನ ಕಡೆಯ ಅಂಚು ಹಿಡಿದರೆ ನಿಮ್ಮ ತಾಯಿ ಮನೆ ಹೊರಗೆ ಬರುತ್ತೆ. ಯಾರೂ ಕೇಳಲ್ಲ. ನಾನೇ ಹೇಳ್ತಿದ್ದೀನಿ, ಹಿಡೀರಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನೂ ಅವಳ ಕೈ ಹಿಡಿದು ಗೋಗರೆದೆ. ಅವಳು ಕೈ ಬಿಡಿಸಿಕೊಂಡಳು.

"ಉಳಿದ ಕೆರೆಗಳಿಗೆಲ್ಲ ಗೆರೆಯ ನಡುವೆ ಹಿಡಿದಿದ್ದೀನಿ ಸಾರ್. ಇದೊಂದಕ್ಕೆ ಅಂಚು ಹಿಡಿದರೆ, ಕಲ್ಲಿನ ವಿಷಯಾನೂ ಸುಳ್ಳೇ ಅಂತಾರೆ. ಆಗ ಕೇರಿ ಪೂರ್ತಿ ಮತ್ತೆ ಒಳಗೆ ಹೋಗುತ್ತೆ." ಆಮೇಲೆ ಊರ ಮಾತಿಗಿಳಿದು, "ಅವ್ವನ್ ಮನೆ ನೀರಿಗೆ ಹತ್ರ ಅಂತ ನಂಗೆ ಮೊದ್ಲೇ ಅನುಮಾನ ಇತ್ತು" ಅಂದಳು.

ನಕ್ಷೆ ಹಾಗೆಯೇ ಹೋಯಿತು. ಕೆಲವು ತಿಂಗಳಿಗೆ ನೋಟಿಸು ಬಂತು. ಹೆಂಚು ಇಳಿಸುವ ದಿನ ನಾನೂ ಅವಳ ಜೊತೆ ಹೋಗಿದ್ದೆ. ಅಷ್ಟು ದಿನ ಅವಳು ತಾಯಿಗೆ ಏನನ್ನೂ ಹೇಳಿರಲಿಲ್ಲ. ಅವತ್ತು ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಆ ತಾಯಿ ಮಗಳ ಮುಖವನ್ನೇ ನೋಡಿದರು.

"ಆ ಗೆರೆ ನೀನೇ ಎಳ್ದಿದ್ದಾ ಮಗಾ?"

"ಊಂ ಕಣವ್ವ."

"ಅಂಗಾರೆ ಸರ್ಯಾಗೇ ಇರ್ತದೆ ಬುಡು." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಹತ್ತಿದವರಿಗೆ ಕೂಗಿ ಹೇಳಿದರು. "ಹೆಂಚು ಉಷಾರಾಗ್ ಇಳಿಸ್ರಪ್ಪಾ, ಒಡಿಬ್ಯಾಡಿ."

ಅಕ್ಕ ಅಲ್ಲೇ ಕುಸಿದು ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ. ನನಗೆ ಅವಳ ಮೇಲೆ ಹೆಮ್ಮೆಯೂ ಆಯಿತು, ವಿಪರೀತ ಸಿಟ್ಟೂ ಬಂತು. ಆ ಸಿಟ್ಟು ಇನ್ನೂ ಹೋಗಿಲ್ಲ.

ತಾಯಿಯನ್ನು ಹಾಸನದ ಬಾಡಿಗೆ ಮನೆಗೆ ಕರೆತಂದಳು. ಆ ಜೀವ ಅಲ್ಲಿ ಹೊಂದಿಕೊಳ್ಳಲಿಲ್ಲ, ಬಹಳ ಕಾಲ ಉಳಿಯಲೂ ಇಲ್ಲ. ಗುತ್ತಿಗೆ ಮುಗಿದು ನಮ್ಮ ಆಫೀಸು ಮುಚ್ಚಿತು. ಅಕ್ಕ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಉಪನ್ಯಾಸಕಿಯಾದಳು. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ ಅದೂ... ಹೋದ ವರ್ಷ ಅವಳ ಶಿಷ್ಯೆಯೊಬ್ಬಳು ಸಿಕ್ಕಿ, ಮೇಡಂ ಕ್ಯಾನ್ಸರಿನಲ್ಲಿ ಹೋಗಿಬಿಟ್ಟರು ಅಂದಳು. ಹೋಗಿ ಆಗಲೇ ಆರು ತಿಂಗಳಾಗಿತ್ತು.

ತಲೆಯ ಬಣ್ಣ ಒಣಗುವವರೆಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಫೋನಿನಲ್ಲಿ ನಕ್ಷೆ ತೆಗೆದು ಆ ಊರನ್ನು ಹುಡುಕಿದೆ. ಈಗ ಎಷ್ಟು ಸಲೀಸು, ಬೆರಳು ಆಡಿಸಿದರೆ ಮನೆಮನೆಯ ಚಾವಣಿ ಕಾಣುತ್ತದೆ. ಕೇರಿ ಇದ್ದಲ್ಲೇ ಇದೆ, ತಾರಸಿ ಮನೆಗಳಾಗಿವೆ. ನೀರಿನ ಕಡೆಗೆ, ಅವಳ ತಾಯಿಯ ಮನೆಯಿದ್ದ ಜಾಗವನ್ನೂ ಸೇರಿಸಿಕೊಂಡು, ಯಾರದೋ ಕಲ್ಯಾಣಮಂಟಪದ ಭಾರಿ ತಗಡಿನ ಚಾವಣಿ ಮಿರುಗುತ್ತಿದೆ. ಕೆರೆಯ ಗಡಿಯೊಳಗೇ ಇದೆ, ಇವರಿಗೆ ಯಾರ ನೋಟಿಸೂ ಬಂದ ಹಾಗಿಲ್ಲ. 

ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿದಾಗ, ಇಲ್ಲಿ ಬಿಟ್ಟುಹೋದ ಸ್ಥಳವಿದ್ದರೆ ಸೇರಿಸಿ ಎಂದು ಫೋನು ಕೇಳಿತು. ಟೇಬಲ್ ಅಕ್ಕನ ಅವ್ವನ ಮನೆ, ಎಂದು ಬರೆದೆ. ಕಳಿಸುವ ಗುಂಡಿಯ ಹತ್ತಿರ ಹೋದ ಬೆರಳು ನಿಂತುಬಿಟ್ಟಿತು. ಇಲ್ಲದ ಮನೆಯನ್ನು ಇದೆ ಅಂತ ನಕ್ಷೆಯಲ್ಲಿ ತೋರಿಸಲು ಅವಳು ಸುತರಾಂ ಒಪ್ಪುತ್ತಿರಲಿಲ್ಲ. ಒಂದೊಂದೇ ಅಕ್ಷರ ಅಳಿಸಿದೆ.