ಅಮ್ಮನ ಗುಟ್ಟಿನ ಭಾಷೆ

“ಒಳಗೆ ಕೂರಿಸಬ್ಯಾಡ ಲೇ, ಕಳ್ಳನಂಗವ್ನೆ. ಆಧಾರ್ ಗೀಧಾರ್ ತೋರಿಸ್ಬುಟ್ಟೀಯ!”

ಬಾಗಿಲಲ್ಲಿ ನಿಂತ ಅಪರಿಚಿತರೊಬ್ಬರ ಎದುರೇ ಅಮ್ಮ, ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಯಿಂದ ಕನ್ನಡದಲ್ಲಿ ಕೂಗಿದಳು. ಸೇಲಂನಲ್ಲಿ ಹೊರಗಿನವರಿಗೆ ತಿಳಿಯಬಾರದ್ದನ್ನೆಲ್ಲ ನಾವು ಮನೆಮಾತಾದ ಕನ್ನಡದಲ್ಲೇ ಆಡುವುದು. ನನ್ನ ನರ್ಸಿಂಗ್ ಕಾಲೇಜಿನ ಸ್ಕಾಲರ್‌ಶಿಪ್‌ಗಾಗಿ ಮನೆಯ ಸ್ಥಿತಿ ನೋಡಲು ಬಂದಿದ್ದೇನೆಂದು ಅವರು ತಮಿಳಿನಲ್ಲಿ ಹೇಳಿದ್ದರು. ಅದು ಸಿಗದಿದ್ದರೆ ಬ್ಯಾಂಕ್ ಸಾಲವೇ ಗತಿ.

ಅವರು ಚಪ್ಪಲಿ ಬಿಡುತ್ತ ನಕ್ಕು ಕನ್ನಡದಲ್ಲೇ ಅಂದರು: “ಆಧಾರ್ ಬ್ಯಾಡಮ್ಮ, ಮಗ್ಗ ನೋಡಿದ್ರೆ ಸಾಕು. ನಮ್ದೂ ನೇಯೋ ಮನೇನೇ.”

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅಮ್ಮನ ಅನುಮಾನ ಇನ್ನೂ ಹೆಚ್ಚಿತು: “ನೋಡ್ದಾ, ನಮ್ ಮಾತೂ ಕಲ್ತ್ಕೊಂಡೇ ಬಂದವ್ನೆ!”

ಸ್ಕಾಲರ್‌ಶಿಪ್ ಬಂತು, ಸಾಲ ತಪ್ಪಿತು. ಅಮ್ಮ ಮಾತ್ರ ಈಗ ಹೊಸಬರು ಯಾರೇ ಬರಲಿ, ಮೊದಲು “ಕನ್ನಡಂ ತೆರಿಯುಮಾ?” ಎಂದು ತಮಿಳಿನಲ್ಲಿ ಕೇಳುತ್ತಾಳೆ. ಗೊತ್ತಿಲ್ಲ ಎಂದರೂ ನಂಬುವುದಿಲ್ಲ.