ಗೋಡೆಯಾಚೆಯ ತೂಗುಮಂಚ

ಮಧ್ಯಾಹ್ನದ ನಿದ್ದೆ ಕೆಡಿಸುವ ಶಬ್ದಗಳಲ್ಲಿ, ನನ್ನ ಅನುಭವದ ಮಟ್ಟಿಗೆ, ಪಕ್ಕದ ಮನೆಯ ತೂಗುಮಂಚದ ಕಿರುಗುಟ್ಟುವಿಕೆಗೆ ಸಮನಾದದ್ದು ಇನ್ನೊಂದಿಲ್ಲ. ಅದರಲ್ಲೂ ಆ ಮಂಚ ನಿಮ್ಮದಾಗಬೇಕಾಗಿದ್ದು, ಅದರ ಮೇಲೆ ಕೂತು ಕಾಲಾಡಿಸುತ್ತಿರುವವನು ನಿಮ್ಮ ಷಡ್ಡಕನೇ ಆಗಿದ್ದರೆ, ಕೊಂಡಿಗೆ ಎಷ್ಟು ಎಣ್ಣೆ ಬಿಟ್ಟರೂ ಆ ಸದ್ದು ನಿಮ್ಮ ಪಾಲಿಗೆ ಅಡಗುವುದಿಲ್ಲ. ಪಾಂಡವಪುರದಲ್ಲಿ ಬೀದಿಗೊಂದು ಎಸ್‌ಟಿಡಿ ಬೂತು ಏಳುತ್ತಿದ್ದ ಆ ವರ್ಷಗಳಲ್ಲಿ ನಾನು ಹೊಸದಾಗಿ ಕರಿಕೋಟು ತೊಟ್ಟ ವಕೀಲ. ಕಕ್ಷಿದಾರರ ಕಾಟವಿಲ್ಲದ್ದರಿಂದ ಮಧ್ಯಾಹ್ನದ ನಿದ್ದೆಗೆ ಬರವಿರಲಿಲ್ಲ. ಗೋಡೆಯಾಚೆಯ ಬೆಟ್ಟಸ್ವಾಮಿಗೆ ಗೊಬ್ಬರದಂಗಡಿ. ನಾವಿಬ್ಬರೂ ಚಿನಕುರಳಿಯ ಒಂದೇ ಮನೆಯ ಅಳಿಯಂದಿರು. ಅವನಿಗೆ ಸ್ಕೂಟರಿತ್ತು, ನನಗೆ ಕಾನೂನಿತ್ತು.

ಬೀಟೆಯ ಆ ಮಂಚ ಮಾವನವರದು. ಒಂದು ಯುಗಾದಿಯ ಹೋಳಿಗೆ ಊಟವಾದ ಮೇಲೆ, ನಾನು ಅದರ ಕೆತ್ತನೆಯನ್ನು ಆಸೆಯಿಂದ ಸವರುತ್ತಿದ್ದುದನ್ನು ಕಂಡು, ಅವರು ತಟ್ಟೆಯಿಂದ ಎಲೆ ಅಡಿಕೆ ಎತ್ತಿ ನನ್ನತ್ತ ಚಾಚಿದರು.

“ತಕ್ಕಳಿ ಅಳಿಯಂದ್ರೆ, ಈ ಮಂಚ ಇನ್ನು ನಿಮ್ದೇಯ. ಮುಂದಿನ್ ತಿಂಗ್ಳು ಗಾಡೀಲಿ ಕಳುಸ್ತೀನಿ.”

ನಮ್ಮ ಕಡೆ ಹೀಗೆ ವೀಳ್ಯ ತೆಗೆದುಕೊಂಡರೆ ಮಾತು ಮುಗಿದಂತೆ. ಕೊಟ್ಟವರಾಗಲಿ ತೆಗೆದುಕೊಂಡವರಾಗಲಿ ಆಮೇಲೆ ಹಿಂದೆ ಸರಿಯುವುದಿಲ್ಲ. ಬೇರೆ ಯಾವ ಅಳಿಯನೇ ಆಗಿದ್ದರೂ ಎರಡೂ ಕೈಯೊಡ್ಡುತ್ತಿದ್ದ. ನನಗೋ ಪರೀಕ್ಷೆಗೆ ಓದಿದ ಕರಾರು ಕಾಯಿದೆ ಇನ್ನೂ ನಾಲಿಗೆಯ ತುದಿಯಲ್ಲೇ ಇತ್ತು. ಚಾಚಿದ ಕೈಯನ್ನು ಹಾಗೇ ಬಿಟ್ಟು, ಒಬ್ಬರ ಪ್ರಸ್ತಾವ, ಇನ್ನೊಬ್ಬರ ಅಂಗೀಕಾರ, ಇಬ್ಬರದೂ ಒತ್ತಾಯವಿಲ್ಲದ ಸಮ್ಮತಿ, ಇಷ್ಟೆಲ್ಲ ಇದ್ದರೂ ಪ್ರತಿಫಲವಿಲ್ಲದ ವಾಗ್ದಾನವನ್ನು ನ್ಯಾಯಾಲಯ ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲವೆಂದೂ, ಬರೀ ಮಮತೆಯಿಂದ ಕೊಡುವ ಮಾತಾದರೆ ಬರೆದು ನೋಂದಾಯಿಸಬೇಕೆಂದೂ, ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳುವಂತೆ ಉಪನ್ಯಾಸ ಮಾಡಿದೆ.

“ಅಂಗಂದ್ರೆ ನನ್ ಮಾತು ನಡೆಯಾಕಿಲ್ಲ ಅಂತೀರಾ?” ಎಂದರು ಮಾವ.

ಕಾನೂನಿನ ಪ್ರಕಾರ ನಡೆಯುವುದಿಲ್ಲವೆಂದೆ. ಅವರು ಎಲೆ ಅಡಿಕೆಯನ್ನು ಮತ್ತೆ ತಟ್ಟೆಗೇ ಇಟ್ಟರು. ಬೆಟ್ಟಸ್ವಾಮಿ ಮೂಲೆಯಲ್ಲಿ ಕೂತು ಹಲ್ಲು ಚುಚ್ಚಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡ.

ಮುಂದಿನ ತಿಂಗಳು ಮಂಚವೇನೋ ಬಂತು. ನಮ್ಮ ಬಾಗಿಲು ದಾಟಿಕೊಂಡು ಪಕ್ಕದ ಮನೆಗೆ ಹೋಯಿತು. ವಿಚಾರಿಸಿದರೆ, ಬೇಸಿಗೆ ಮುಗಿಯುವವರೆಗೆ ಪ್ರತಿ ಶನಿವಾರ ಮಾವನನ್ನು ಸ್ಕೂಟರಿನಲ್ಲಿ ತೊಣ್ಣೂರು ಕೆರೆಗೆ ಈಜಲು ಕರೆದೊಯ್ಯುವುದು, ಅದಕ್ಕೆ ಬದಲಾಗಿ ಮಂಚ, ಹೀಗೆಂದು ಇಬ್ಬರೂ ವೀಳ್ಯ ಬದಲಾಯಿಸಿಕೊಂಡಿದ್ದರಂತೆ. ಪ್ರತಿಫಲ! ಆ ಪದವನ್ನು ಅವನ ಕಿವಿಗೆ ಹಾಕಿದವನು ನಾನೇ. ಹೊಟ್ಟೆಯುರಿ ಎಂಥದ್ದೆಂದರೆ, ಕೋರ್ಟಿನಲ್ಲಿ ನ್ಯಾಯಾಧೀಶರು ಪ್ರತಿವಾದಿಯ ಹೆಸರು ಕೇಳಿದಾಗ ಒಮ್ಮೆ ಬಾಯಿತಪ್ಪಿ ಬೆಟ್ಟಸ್ವಾಮಿ ಎಂದುಬಿಟ್ಟೆ. ಆ ಮನುಷ್ಯ ಸ್ವಲ್ಪ ಕೆಟ್ಟವನಾಗಿದ್ದರೂ ನನ್ನ ಮತ್ಸರಕ್ಕೆ ಒಂದು ಮರ್ಯಾದೆ ಇರುತ್ತಿತ್ತು.

ತಿಂಗಳುಗಟ್ಟಲೆ ಸಹಿಸಿ, ದೀಪಾವಳಿಯ ಹೊತ್ತಿಗೆ ಹೊಸದೊಂದು ವಾದ ಕಟ್ಟಿಕೊಂಡು ಚಿನಕುರಳಿಯ ಬಸ್ಸು ಹತ್ತಿದೆ. ಮನೆಮಂದಿಯ ನಡುವಿನ ಇಂಥ ಒಪ್ಪಂದಗಳ ಹಿಂದೆ ಕೋರ್ಟು ಹತ್ತುವ ಉದ್ದೇಶವೇ ಇರುವುದಿಲ್ಲ, ಆದ್ದರಿಂದ ಬೆಟ್ಟಸ್ವಾಮಿಯ ಕರಾರೂ ನಿಲ್ಲದು. ನಾಳೆ ಅವನು ಬರುವುದನ್ನು ಬಿಟ್ಟರೆ ನೀವು ಏನೂ ಮಾಡುವಂತಿಲ್ಲ, ಮಂಚ ವಾಪಸು ತರಿಸಿ, ಎಂದೆ. ಅಂದು ಶನಿವಾರ. ಮಾವ ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ಮಾತಿದ್ದದ್ದು ಬ್ಯಾಸ್ಗೆ ಮುಗಿಯಗಂಟ. ಬ್ಯಾಸ್ಗೆ ಮುಗ್ದು ದೀಪಾವಳಿ ಬಂತು, ಅವ್ನು ಬರಾದ್ ನಿಲ್ಸಿಲ್ಲ. ಅದ್ಯಾವ್ ಕಾನೂನು ಎಳ್ಕೊಂಡ್ ಬತ್ತದೆ ಅವ್ನ, ನೀವೇ ಯೋಳಿ.”

ಅಷ್ಟರಲ್ಲಿ ಸ್ಕೂಟರಿನ ಹಾರನ್ನು ಕೇಳಿಸಿತು. ಮಾವ ಹೆಗಲಿಗೆ ಟವಲು ಹಾಕಿಕೊಂಡು ಹುಡುಗನಂತೆ ಹೊರಟರು. ಬೆಟ್ಟಸ್ವಾಮಿ ನನ್ನನ್ನು ನೋಡಿ, “ನೀವೂ ಬನ್ನಿ ಅಣ್ಣ, ಮಾವುನ್ ಬುಟ್ಟು ಬಂದು ಕರ್ಕೊಂಡೋಯ್ತೀನಿ” ಎಂದ. ಪ್ರಸ್ತಾವ ಸ್ಪಷ್ಟವಾಗಿತ್ತು, ಅಂಗೀಕರಿಸುವುದಷ್ಟೇ ಬಾಕಿ. ಕೆಲಸವಿದೆ ಎಂದೆ. ಮಾವ ಅವನ ಭುಜದ ಮೇಲೆ ಕೈಯಿಟ್ಟುಕೊಂಡು ಹಿಂದೆ ಕೂತಿದ್ದರು. ತಿರುವಿನಲ್ಲಿ ಅವನೇನೋ ಹೇಳಿದ, ಇಬ್ಬರೂ ನಕ್ಕರು. ನಾನು ಆ ಮನೆಗೆ ಬರುತ್ತಿದ್ದುದು ಹಬ್ಬದೂಟಕ್ಕೆ. ಆವತ್ತು ಬಂದದ್ದು ಮಂಚಕ್ಕೆ. ಅವರೊಂದಿಗೆ ನಾನು ಎಂದೂ ಹಾಗೆ ನಕ್ಕಿರಲಿಲ್ಲ.

ತೂಗುಮಂಚದ ಸದ್ದು ಈಗ ರೂಢಿಯಾಗಿದೆ. ವಾರವಿಡೀ ಅದು ಗೋಡೆಯಾಚೆ ಕಿರುಗುಟ್ಟುತ್ತದೆ, ಈಚೆ ನಾನು ಗೊರಕೆ ಹೊಡೆಯುತ್ತೇನೆ. ಶನಿವಾರ ಮಾತ್ರ ಮಂಚ ಸುಮ್ಮನಿರುತ್ತದೆ. ಅವರಿಬ್ಬರೂ ಕೆರೆಯಲ್ಲಿರುತ್ತಾರೆ. ಅವತ್ತು ನನಗೆ ನಿದ್ದೆ ಹತ್ತುವುದಿಲ್ಲ.